ಬೇಡವಾದವರು ಎದ್ದು ಹೋಗಬಹುದು

"ಯಾರನ್ನೂ ಬಲವಂತವಾಗಿ ಕೂರಿಸಿ ಭಾಷಣ ಕೇಳಿಸುವುದು ನನಗೆ ಒಪ್ಪಿಗೆಯಿಲ್ಲ. ಬೇಡವಾದವರು ಎದ್ದು ಹೋಗಬಹುದು" ಎಂದು ಅಂಕಣಕಾರ ಮೈಕಿನಲ್ಲಿ ಹೇಳಿ ಎರಡು ನಿಮಿಷವಾಗಿರಲಿಲ್ಲ, ಶಾಲೆಯ ಸಭಾಂಗಣ ಖಾಲಿಯಾಯಿತು. ಮೊದಲು ಕೊನೆಯ ಸಾಲಿನ ಹುಡುಗನೊಬ್ಬ ಎದ್ದು, ಕಾದ ಕಬ್ಬಿಣ ಮುಟ್ಟಿ ನೋಡುವವನಂತೆ ಅಳುಕುತ್ತ ಬಾಗಿಲವರೆಗೆ ಹೋಗಿ ನಿಂತ. ಯಾರೂ ಬೈಯಲಿಲ್ಲ. ಆಮೇಲೆ ಬೆಂಚುಗಳ ಸದ್ದಿಗೆ ಮೈಕೇ ಕೀರಲಿಟ್ಟಿತು. ಮುನ್ನೂರು ಮಕ್ಕಳ ಹಿಂದೆ, ಅವರನ್ನು ನೋಡಿಕೊಳ್ಳಲು ಹೊರಟಂತೆ, ಗಣಿತದ ಮೇಷ್ಟ್ರೂ ಮೆಲ್ಲಗೆ ಜಾರಿಕೊಂಡರು.

ಅಂಕಣಕಾರನ ಕೈಯಲ್ಲಿ ಇಪ್ಪತ್ತೆರಡು ಪುಟಗಳ ಭಾಷಣ ಹಾಗೇ ಉಳಿಯಿತು. ಮೂವತ್ತು ವರ್ಷಗಳಿಂದ ಪ್ರತಿ ಗುರುವಾರ ಪತ್ರಿಕೆಯಲ್ಲಿ 'ನನ್ನ ಪಾಡಿಗೆ ಬಿಡಿ' ಎಂಬ ಅಂಕಣ ಬರೆಯುತ್ತಿದ್ದವನು ಅವನು. ನಾಯಿ ಸಾಕಲು ಪರವಾನಗಿ ಯಾಕೆ, ಅಂಗಡಿ ಇಷ್ಟು ಹೊತ್ತಿಗೇ ಮುಚ್ಚಬೇಕೆನ್ನಲು ಇವರ್ಯಾರು ಎಂದು ಸರ್ಕಾರ ಮೂಗು ತೂರಿಸಿದ ಕಡೆಯೆಲ್ಲ ಜಗಳ ತೆಗೆಯುತ್ತಿದ್ದ. ಪೊಲೀಸರ ಅನುಮತಿಯಿಲ್ಲದೆ ನಾಟಕವಾಡಿಸಿ ಹನ್ನೊಂದು ದಿನ ಜೈಲಿನಲ್ಲೂ ಇದ್ದು ಬಂದಿದ್ದ. ಎಡದವರು ಅವನನ್ನು ಬಲದವನೆನ್ನುತ್ತಿದ್ದರು, ಬಲದವರು ತಲೆಕೆಟ್ಟವನೆನ್ನುತ್ತಿದ್ದರು. ಎರಡನ್ನೂ ಅವನು ಪ್ರಶಸ್ತಿ ಬಂದಂತೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ವೇದಿಕೆಯ ಮೇಲೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಅವನ ಸ್ವಂತ ಅಕ್ಕ, ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯಲು ಒದ್ದಾಡುತ್ತಿದ್ದಳು.

"ಸ್ವಾತಂತ್ರ್ಯ ಕೊಟ್ಟೆಯಲ್ಲಪ್ಪ, ತಗೊಂಡ್ರು. ನಾನು ಗಂಟೆ ಹೊಡೆಸೋದು ಸುಮ್ಸುಮ್ನೆ ಅಂದ್ಕೊಂಡಿದ್ಯಾ?"

"ನಗಬೇಡ ಅಕ್ಕ. ಅಲ್ನೋಡು, ಒಬ್ಬಳು ಕೂತಿದ್ದಾಳೆ."

ಮೂರನೇ ಸಾಲಿನಲ್ಲಿ ಹದಿಮೂರರ ಆಸುಪಾಸಿನ ಹುಡುಗಿಯೊಬ್ಬಳು ಕೂತೇ ಇದ್ದಳು. ಅವನ ಎದೆ ಉಬ್ಬಿತು. ಇಳಿದು ಹೋಗಿ ಅವಳ ಮುಂದಿನ ಬೆಂಚಿನಲ್ಲಿ ತಿರುಗಿ ಕೂತು, "ಭಾಷಣ ಕೇಳ್ತೀಯಾ ಮರಿ?" ಎಂದ.

"ಇಲ್ಲ ಸಾರ್, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಮಕ್ಕಳನ್ನ ಶಾಲೆಗೆ ಕಳಿಸ್ಲೇಬೇಕು ಅನ್ನೋಕೆ ಸರ್ಕಾರ ಯಾರು, ಅದು ಮನೆಯವರ ಇಷ್ಟ ಅಂತ ಬರೆದಿದ್ರಲ್ಲ, ಮಾಮ ಅದನ್ನ ಅಮ್ಮಂಗೆ ಓದಿ ಹೇಳಿದ್ರು. ಮುಂದಿನ ವಾರ ನನ್ನ ಶಾಲೆ ಬಿಡಿಸಿ ತಮ್ಮ ಅಂಗಡಿಗೆ ಹಾಕ್ಕೋತಾರಂತೆ. ಸರ್ಕಾರದ ಇಷ್ಟ ಬೇಡ, ಮನೆಯವರಿಷ್ಟ ಬೇಕು, ಸರಿ. ನನ್ನಿಷ್ಟದ ಬಗ್ಗೆ ಏನಾದ್ರೂ ಬರೆದಿದ್ರಾ? ಮಾಮ ಆ ಭಾಗ ಓದೋದು ಬಿಟ್ರೇನೋ ಅಂತ..."

ಅಂಥ ಭಾಗವೇ ಇರಲಿಲ್ಲ. ಜಾಗ ಸಾಲದೆ ಸಂಪಾದಕರು ಕತ್ತರಿಸಿದರು ಎನ್ನೋಣವೆಂದರೆ ಅದೂ ಸುಳ್ಳಾಗುತ್ತಿತ್ತು. ಬರೆಯುವಾಗ ಅವನಿಗೆ ಅದು ಹೊಳೆದೇ ಇರಲಿಲ್ಲ. ಅಕ್ಕನ ಕಡೆ ನೋಡಿದ. ಅವಳ ನಗು ನಿಂತಿತ್ತು.

"ಕಾನೂನು ಇದೆ. ನಾಳೆನೇ ನೋಟಿಸು ಕಳಿಸ್ತೀನಿ," ಎಂದಳು.

"ಬೇಡ. ಇದು ನಾನು ಮಾಡಿದ ಎಡವಟ್ಟು, ನಾನೇ ಹೋಗಿ ಮಾತಾಡ್ತೀನಿ."

"ಅವರು ಬಗ್ಗದೇ ಇದ್ರೆ?"

"ಆಗ ಕಳಿಸು," ಎಂದ. ಮೂವತ್ತು ವರ್ಷದ ಓದುಗರಲ್ಲಿ ಒಬ್ಬರಿಗೂ ಕೇಳಿಸಬಾರದೆನ್ನುವಷ್ಟು ಮೆಲ್ಲಗೆ.

ಎರಡು ಬೀದಿಯಾಚೆ ಹುಡುಗಿಯ ಸೋದರಮಾವನದು ಫೋಟೊಗಳಿಗೆ ಫ್ರೇಮ್ ಹಾಕುವ ಅಂಗಡಿ. ಹುಡುಗಿಯ ಜೊತೆ ಬಂದವರು ಯಾರೆಂದು ಗುರುತು ಹತ್ತಿದ್ದೇ ತಡ, ಮಾವ ಕೂತಲ್ಲಿಂದ ಪುಟಿದೆದ್ದು ಸ್ಟೂಲು ಒರೆಸಿದ. ಗೋಡೆ ತೋರಿಸಿದ. ಮದುವೆ ಫೋಟೊಗಳ ನಡುವೆ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ, ಅದೇ ಗುರುವಾರದ ಅಂಕಣ.

"ನೂರಕ್ಕೆ ನೂರು ನಿಜ ಸಾರ್, ನೀವು ಬರೆದಿದ್ದು!"

"ನೂರಕ್ಕೆ ತೊಂಬತ್ತು. ಇವಳನ್ನ ಬಿಟ್ಟುಬಿಟ್ಟಿದ್ದೆ."

ಮಾವನಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು. "ಹಾಗಾದ್ರೆ ನೀವೂ ಈಗ ಬಲವಂತ ಮಾಡೋಕೆ ಬಂದ್ರಿ."

"ನಾನೆಲ್ಲಿ ಮಾಡ್ತಿದ್ದೀನಿ? ನೀವು ಮಾಡ್ತಿರೋದು. ಅವಳನ್ನ ಒಂದು ಮಾತು ಕೇಳಿದ್ರಾ?"

"ಮಕ್ಕಳನ್ನ ಏನು ಸಾರ್ ಕೇಳೋದು? ಅವಕ್ಕೇನು ಗೊತ್ತಾಗುತ್ತೆ?"

"ನಮ್ಮ ನಿಮ್ಮ ಬಗ್ಗೆ ಮಂತ್ರಿಗಳೂ ಹಿಂಗೇ ಅಂತಾರೆ."

ಮಾವ ಕೆಟ್ಟವನೇನಲ್ಲ, ಅಂಗಡಿಗೆ ನಂಬಿಕಸ್ಥರೊಬ್ಬರು ಬೇಕಾಗಿತ್ತು, ಮನೆಯಲ್ಲೇ ಒಬ್ಬಳು ಇದ್ದಳು. ಗಲ್ಲ ಕೆರೆದುಕೊಂಡ, ಗೋಡೆ ನೋಡಿದ, ಕೊನೆಗೆ ಸೋದರಸೊಸೆಯ ಕಡೆ ತಿರುಗಿದ.

"ಸರಿ, ಹೇಳಮ್ಮ. ನಿಂಗೇನು ಬೇಕು?"

ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. "ಶಾಲೆ ಬಿಡಲ್ಲ ಮಾಮ. ಭಾನುವಾರ ಅಂಗಡಿಗೆ ಬರ್ತೀನಿ. ಆದ್ರೆ ಕಸ ಗುಡಿಸೋಕಲ್ಲ, ಗಾಜು ಕತ್ತರಿಸೋಕೆ. ನೀವು ಕತ್ತರಿಸೋದು ನೋಡಿ ಕಲ್ತಿದ್ದೀನಿ."

"ನೋಡಿ ಸಾರ್, ಷರತ್ತು ಹಾಕ್ತಾಳೆ!"

"ಒಪ್ಪಂದ ಅಂದ್ರೆ ಹಾಗೇ ಸ್ವಾಮಿ. ಒಪ್ಪೋದು ಬಿಡೋದು ನಿಮ್ಮಿಷ್ಟ."

ಮಾವ ಮೇಜಿನ ಮೇಲೊಂದು ಗಾಜಿನ ಹಾಳೆ ಹಾಕಿ ಕಟರನ್ನು ಅವಳತ್ತ ತಳ್ಳಿದ. "ಎಲ್ಲಿ, ಕೈ ತೋರ್ಸು ನೋಡೋಣ." ಹುಡುಗಿ ಅಳತೆಪಟ್ಟಿ ಒತ್ತಿ ಹಿಡಿದು, ಎಲ್ಲೂ ಕೈ ನಿಲ್ಲಿಸದೆ, ಒಂದೇ ಗೀಟು ಎಳೆದಳು. ಹಾಳೆಯನ್ನು ಮೇಜಿನ ಅಂಚಿಗೆ ಸರಿಸಿ ಮೆಲ್ಲಗೆ ಅದುಮಿದಳು. ಟಕ್ಕೆಂದು ಗಾಜು ಗೀಟಿನುದ್ದಕ್ಕೂ ಎರಡಾಯಿತು.

ಮಾವ ತುಂಡನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಚಿನಲ್ಲಿ ಕೊಂಕು ಹುಡುಕಿದ. ಸಿಗಲಿಲ್ಲ.

"ಆಯ್ತು. ಭಾನುವಾರ ಒಂಬತ್ತಕ್ಕೆ ಬಂದ್ಬಿಡು."

"ಹತ್ತಕ್ಕೆ," ಎಂದಳು ಹುಡುಗಿ.