ಶಿರಾಝಿನ ಮಾತು

“ಲೈನ್ ಸಿಕ್ತು ನರ್ಸಮ್ಮ! ಬೇಗ ಬನ್ನಿ. ಯಾರೋ ಅಜ್ಜಿ ಎಂತದೋ ಹೇಳ್ತಿದಾರೆ, ಒಂದು ಅಕ್ಷರ ಗೊತ್ತಾಗ್ತಿಲ್ಲ!”

ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರದ ತನ್ನ ಕೊಡೆ ಅಂಗಡಿಯಿಂದ ಮುಷರಫ್ ಕೂಗಿದ. ಅವನ ಮಗಳು ರುಹಿ ತೆಹರಾನಿನಲ್ಲಿ ಡಾಕ್ಟರ್ ಓದುತ್ತಿದ್ದಳು. ಅಮೆರಿಕ ಇರಾನಿನ ಮೇಲೆ ಬಾಂಬು ಹಾಕಿದ ಸುದ್ದಿ ಬಂದಾಗಿನಿಂದ ಅವಳ ಮೊಬೈಲ್ ಸ್ವಿಚ್ ಆಫ್. ಅವಳು ಬಾಡಿಗೆಗಿದ್ದ ಮನೆಯ ಲ್ಯಾಂಡ್‌ಲೈನಿಗೆ ಎರಡು ದಿನದಿಂದ ಪ್ರಯತ್ನಿಸುತ್ತಿದ್ದ.

ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಯಮುನಮ್ಮ ಲೋಟ ಬಿಟ್ಟು ಎದ್ದರು. ಇಡೀ ಊರಿನಲ್ಲಿ ಇರಾನಿನ ಪಾರಸಿ ಭಾಷೆ ಬಲ್ಲವರು ಎಂದರೆ ಈ ನಿವೃತ್ತ ನರ್ಸ್ ಒಬ್ಬರೇ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಹೋಗಿ ನಾಲ್ಕು ವರ್ಷ ಇರಾನಿನ ಶಿರಾಝ್ ಊರಿನ ಆಸ್ಪತ್ರೆಯಲ್ಲಿ ದುಡಿದಿದ್ದರು. ಪಾರಸಿ ಮಾತಾಡಿ ನಲವತ್ತು ವರ್ಷ ದಾಟಿತ್ತು. ಫೋನ್ ಹಿಡಿದಾಗ ಬಾಯಿಗೆ ಬಂದದ್ದು ವಾರ್ಡಿನ ಮಾತು.

“ಹೆದರಬೇಡಿ ಅಮ್ಮಾ. ಎಲ್ಲಿ ನೋವು?”

ಆಚೆ ಕಡೆ ನಗು. “ಎಲ್ಲ ಕಡೆಯೂ ನೋವೇ ಮಗಳೇ. ನೀನು ಯಾರು? ನಿನ್ನ ಮಾತು ಶಿರಾಝಿನದ್ದು! ನನ್ನ ತಾಯಿಯ ಊರು ಅದು.”

“ರುಹಿ ಎಲ್ಲಿದಾಳೆ ಕೇಳಿ!” ಮುಷರಫ್ ಸೆರಗು ಹಿಡಿದು ಎಳೆಯುವುದೊಂದು ಬಾಕಿ. ಯಮುನಮ್ಮ ತಡವರಿಸುತ್ತ ಕೇಳಿದರು. ಬೆಳಿಗ್ಗೆಯೇ ಭಾರತದ ಹುಡುಗರ ಜೊತೆ ಅವಳನ್ನು ಗಡಿಯ ಬಸ್ಸಿಗೆ ಹತ್ತಿಸಿದೆ, ದಾರಿಗೆ ರೊಟ್ಟಿ ಕಟ್ಟಿಕೊಟ್ಟಿದ್ದೇನೆ ಎಂದರು ಮನೆಯೊಡತಿ ಅಜ್ಜಿ. ಅದನ್ನು ಕನ್ನಡದಲ್ಲಿ ಕೇಳಿದ್ದೇ ಮುಷರಫ್ ಸ್ಟೂಲಿನ ಮೇಲೆ ಕುಸಿದು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ.

ಅಜ್ಜಿಗೆ ಮಾತು ನಿಲ್ಲಿಸುವ ಮನಸ್ಸಿರಲಿಲ್ಲ. “ಕಿತ್ತಳೆ ಹೂವು ನೆನಪಿದೆಯಾ?” ಎಂದರು. ನೆನಪಿಲ್ಲದೆ ಏನು? ವಸಂತದಲ್ಲಿ ಬೆಳಗಿನ ಡ್ಯೂಟಿಗೆ ಹೋಗುವಾಗ ರಸ್ತೆಯುದ್ದಕ್ಕೂ ಬಿಳಿ ಹೂವು ಉದುರಿರುತ್ತಿತ್ತು. ಯಮುನಮ್ಮನೂ ಕೊಟ್ಟಾಯಂನ ಇಬ್ಬರು ನರ್ಸ್ ಹುಡುಗಿಯರೂ ಅದನ್ನು ಆಯ್ದು ಯೂನಿಫಾರ್ಮಿನ ಜೇಬಿಗೆ ತುಂಬಿಕೊಳ್ಳುತ್ತಿದ್ದರು. ಇಡೀ ವಾರ್ಡು ಘಮ್ಮೆನ್ನುತ್ತಿತ್ತು. ರೋಗಿಗಳು ಪ್ರೀತಿಯಿಂದ “ಯಮುನಾ ಜಾನ್” ಎಂದು ಕರೆಯುತ್ತಿದ್ದರು. ಆಮೇಲೆ ಹಾಗೆ ಯಾರೂ ಕರೆದಿರಲಿಲ್ಲ.

“ನೀವೂ ಎಲ್ಲಿಗಾದರೂ ಹೊರಡಬಾರದಾ?” ಎಂದರು ಯಮುನಮ್ಮ.

“ಎಲ್ಲಿಗೆ? ಐವತ್ತಮೂರರಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಎಣ್ಣೆಯ ಆಸೆಗೆ ಅಮೆರಿಕ, ಇಂಗ್ಲೆಂಡಿನವರು ಸೇರಿ ನಮ್ಮ ಸರ್ಕಾರ ಉರುಳಿಸಿದರು. ನನ್ನ ಅಣ್ಣ ಇದೇ ಬೀದಿಯಲ್ಲಿ ಗುಂಡು ತಿಂದು ಬಿದ್ದ. ಅವತ್ತೂ ಅಮ್ಮ ಮನೆ ಬಿಡಲಿಲ್ಲ.”

ಯಮುನಮ್ಮ ಹಿಂಜರಿದರು. ಆದರೂ ಹೇಳಿದರು. “ಎಪ್ಪತ್ತೊಂಬತ್ತರಲ್ಲಿ ನಾನು ಅಲ್ಲೇ ಇದ್ದೆ. ನಿಮ್ಮವರು ಅಮೆರಿಕದ ರಾಯಭಾರ ಕಚೇರಿಯವರನ್ನು ಒತ್ತೆಯಾಳಾಗಿ ಹಿಡಿದಿಟ್ಟರಲ್ಲ. ಅವರಿಗೂ ಅಮ್ಮಂದಿರಿದ್ದರು.”

“ಇದ್ದರು,” ಎಂದರು ಅಜ್ಜಿ ಮೆಲ್ಲಗೆ. “ಅಮೆರಿಕದವರು ಕಥೆಯನ್ನು ಅಲ್ಲಿಂದ ಶುರು ಮಾಡುತ್ತಾರೆ. ನಾವು ನನ್ನ ಅಣ್ಣನಿಂದ.”

ಅಷ್ಟರಲ್ಲಿ ಆಚೆ ಒಂದು ಮಗುವಿನ ದನಿ ಕೇಳಿತು. ಏಳು ವರ್ಷದ ಮರಿಮಗ ಎಂದರು ಅಜ್ಜಿ. ಆಮೇಲೆ ಅವನನ್ನು ಏನೋ ಕೇಳಿದರು. ಅವನು ಮಗ್ಗಿ ಒಪ್ಪಿಸುವ ಹಾಗೆ ಗಟ್ಟಿಯಾಗಿ ಏನೋ ಕೂಗಿದ. ಲೈನ್ ಕಟ್ಟಾಯಿತು.

ಯಮುನಮ್ಮ ಸತ್ತ ಫೋನನ್ನು ಕಿವಿಯಿಂದ ತೆಗೆಯದೆ ನಿಂತೇ ಇದ್ದರು. ಮುಷರಫ್ ಕಣ್ಣೊರೆಸಿಕೊಂಡು ಎದ್ದ. ಅವನ ಮುಖದಲ್ಲಿ ಈಗ ನಗುವಿತ್ತು.

“ಕೊನೆಗೆ ಆ ಮಗು ಎಂತ ಕೂಗಿದ್ದು ನರ್ಸಮ್ಮ?”

“ಒಂದು ತಾರೀಖು.”

“ಅವನು ಹುಟ್ಟಿದ ದಿನವಾ?”

“ಅಲ್ಲ ಮಾರಾಯ. ಅಜ್ಜಿ ಅವನಿಗೆ ಕೇಳಿದ್ದು ಅವರ ಅಣ್ಣ ಸತ್ತ ದಿನ. ಇವನು ಹುಟ್ಟೋಕೆ ಅರವತ್ತೈದು ವರ್ಷ ಮೊದಲಿನದು.”