ಹಬ್ಬದ ಪಾಲು

ಮಗಳು ಯಾವ ದಿನ ಯಾರ ಬಳಿ ಇರಬೇಕೆಂದು, ಬೇರೆಯಾದ ಗಂಡಹೆಂಡತಿ ಕೌಟುಂಬಿಕ ನ್ಯಾಯಾಲಯದ ಸಮಾಲೋಚಕಿಯ ಎದುರು ಕೂತು ಜಗಳವಾಡುತ್ತಿದ್ದರು.

"ದೀಪಾವಳಿ ಎಣ್ಣೆಸ್ನಾನ ನಮ್ಮನೇಲೇ ಆಗ್ಬೇಕು, ನನ್ನ ಕೈಯಲ್ಲೇ," ಎಂದಳು ಅವಳು.

"ಆಗ್ಲಿ. ಪಟಾಕಿಗೆ ನನ್ನ ಹತ್ರ ಬರ್ಬೇಕು. ಒದ್ದೆ ತಲೇಲಿ ಮಾತ್ರ ಕಳಿಸ್ಬೇಡ."

"ಅಬ್ಬಾ, ಎಂಥ ಕಾಳಜಿ! ಒಂದಿನಾದ್ರೂ ಅವಳಿಗೆ ಜಡೆ ಹೆಣೆದಿದೀರಾ?"

ಕೊನೆಗೆ ಯುಗಾದಿಯ ಬೇವುಬೆಲ್ಲ ಅವಳಿಗೆ, ಒಬ್ಬಟ್ಟಿನ ಊಟ ಅವನಿಗೆ ಬಂತು. ಬೇಸಿಗೆ ರಜೆಯನ್ನು ಮಾವಿನ ಹಣ್ಣಿನಂತೆ ಹೋಳು ಮಾಡಿಕೊಂಡರು. ಹುಟ್ಟುಹಬ್ಬಕ್ಕೆ ಎರಡು ಕಡೆ ಎರಡು ಕೇಕ್ ಎಂದಾಯಿತು.

"ಹುಷಾರಿಲ್ಲದ ದಿನ ಯಾರ ಹತ್ರ?" ಸಮಾಲೋಚಕಿ ಕೇಳಿದರು.

ಅವನು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದ.

"ಅಂಥ ಹೊತ್ತಲ್ಲಿ ತಾಯಿ ಹತ್ರಾನೇ ಇರ್ಬೇಕು ಮೇಡಂ," ಎಂದ ಅವನು, ಮೊದಲ ಬಾರಿಗೆ ಉದಾರವಾಗಿ.

"ಛೆ, ಅಪ್ಪನ ಹಕ್ಕು ನಾನ್ಯಾಕೆ ಕಿತ್ಕೊಳ್ಳಲಿ ಮೇಡಂ?" ಎಂದಳು ಅವಳು, ಇನ್ನಷ್ಟು ಉದಾರವಾಗಿ.

"ಬೇಗ ಹೇಳಿ," ಎಂದರು ಸಮಾಲೋಚಕಿ. "ಹೊರಗೆ ಬೆಂಚಿನ ಮೇಲೆ ಮಲಗಿದಾಳಲ್ಲ ನಿಮ್ಮ ಮಗಳು, ಅವಳ ಹಣೆ ಮುಟ್ಟಿ ನೋಡೇ ನಾನು ಒಳಗೆ ಬಂದಿದ್ದು. ಸುಡ್ತಾ ಇದೆ."