ಹದಿನಾಲ್ಕು ಪಾಯಿಂಟ್ ಮೂವತ್ತೈದು

"ತಪ್ಪಾಗೇದ ಅಂತ ಒಂದು ಸಾಲು ಬರ್ದು ಕೊಡ್ರಿ ಬಾಯಾರ. ಅಷ್ಟ ಸಾಕು," ಎಂದ ಮಾಳಿಂಗಪ್ಪ.

ಗಂಗಾಬಾಯಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆಳಂದದ ಟೈಪಿಂಗ್ ಸೆಂಟರಿಗೆ ಕಂಪ್ಯೂಟರ್ ಬಂದು ವರ್ಷವೂ ಆಗಿರಲಿಲ್ಲ. ಅದನ್ನು ನಡೆಸಲು ಬರುತ್ತಿದ್ದುದು ಅವಳೊಬ್ಬಳಿಗೆ.

ಮಾಳಿಂಗಪ್ಪ ನರೋಣಾದ ಡ್ರಿಲ್ ಮಾಸ್ತರ. ಅವನ ಶಾಲೆಯ ಸುಭದ್ರಾ ನೂರು ಮೀಟರ್ ಓಟದಲ್ಲಿ ಆಳಂದ ತಾಲೂಕಿಗೇ ಮೊದಲು ಬಂದಿದ್ದಳು. ಅಫಜಲಪುರದಲ್ಲಿ ಅತನೂರಿನ ಹಜರಾಬಿ ಗೆದ್ದಿದ್ದಳು. ಜೇವರ್ಗಿಯ ಹುಡುಗಿ ಇಬ್ಬರಿಗಿಂತಲೂ ಬಹಳ ಹಿಂದೆ. ಮೂರೂ ತಾಲೂಕಿಗೆ ಸೇರಿ ಕ್ರೀಡಾ ಹಾಸ್ಟೆಲಿನಲ್ಲಿ ಒಂದೇ ಸೀಟು. ಮೂರು ಕಡೆಯ ಓಟದ ವೇಳೆಗಳನ್ನು ಒಟ್ಟುಗೂಡಿಸುವ ಕೆಲಸವನ್ನು ಸಮಿತಿ ಈ ಸೆಂಟರಿಗೆ ಕೊಟ್ಟಿತ್ತು. ಕಂಪ್ಯೂಟರ್ ಹಜರಾಬಿಯ ಹೆಸರನ್ನು ಮೇಲಿಟ್ಟಿತ್ತು.

ಅಫಜಲಪುರದ ಗಡಿಯಾರ ಹಳೆಯದು. ಪಾಯಿಂಟಿನ ಮುಂದೆ ಒಂದೇ ಅಂಕಿ ತೋರಿಸುತ್ತಿತ್ತು: ಹಜರಾಬಿಯದು 14.4. ಆಳಂದದ್ದು ಹೊಸದು, ಎರಡು ಅಂಕಿ: ಸುಭದ್ರಾಳದು 14.35. ಗಂಗಾಬಾಯಿ ಸೆಕೆಂಡುಗಳನ್ನು ಒಂದು ಕಾಲಮ್ಮಿನಲ್ಲಿ, ಪಾಯಿಂಟಿನ ಮುಂದಿನದನ್ನು ಇನ್ನೊಂದರಲ್ಲಿ ತುಂಬಿದ್ದಳು. ಯಂತ್ರ ನಾಲ್ಕನ್ನೂ ಮೂವತ್ತೈದನ್ನೂ ಹೋಲಿಸಿತು. ನಾಲ್ಕೇ ಕಡಿಮೆ ಎಂದಿತು.

"ಪಾಯಿಂಟ್ ನಾಲ್ಕಂದ್ರ ನಲವತ್ತಲ್ಲೇನ್ರಿ? ನಿಮಗ ಗೊತ್ತಾಗ್ಲಿಲ್ಲೇನು?"

"ಗೊತ್ತಾಗೇದ. ಪಟ್ಟಿ ಹೋದ ಮ್ಯಾಲ."

ಮಾಸ್ತರ ಆಗಲೇ ಸಮಿತಿಯ ಅಧ್ಯಕ್ಷ ಹಣಮಂತರಾಯರ ಬಳಿ ಹೋಗಿ ಬಂದಿದ್ದ. ಮೂವತ್ತೈದಕ್ಕಿಂತ ನಾಲ್ಕು ದೊಡ್ಡದು ಎನ್ನುವ ಮಾಸ್ತರನನ್ನು ಇದೇ ಮೊದಲ ಸಲ ನೋಡುತ್ತಿರುವುದು ಎಂದು ಅವರು ನಕ್ಕಿದ್ದರು. ಕಂಪ್ಯೂಟರ್ ನಡೆಸುವವಳೇ ತಪ್ಪೆಂದು ಬರೆದುಕೊಟ್ಟರೆ ನೋಡೋಣ ಎಂದಿದ್ದರು. ನಾಳೆ ಹಜರಾಬಿ ಹಾಸ್ಟೆಲಿಗೆ ಸೇರುತ್ತಾಳೆ. ಆಮೇಲೆ ಯಾರೂ ಏನೂ ಮಾಡುವಂತಿಲ್ಲ.

"ನೌಕರಿ ಹೋಗ್ತದಂತ ಅಂಜಿಕಿ ಏನ್ರಿ?"

"ಹೋದ್ರ ಹೋಗ್ಲಿ. ನಾ ಬರ್ದು ಕೊಟ್ರ ಯಾರು ನಂಬ್ತಾರ್ರಿ ಮಾಸ್ತರ?"

"ಸುಭದ್ರಾ ಬರಿಗಾಲಾಗ ಓಡ್ಯಾಳ. ನೀವೂ ನೋಡೀರಿ."

"ನೋಡೇನಿ."

"ಹಂಗಾರ ಆಕಿಗಿಂತ ನಿಮಗ ನಿಮ್ಮ ಹೆಸರ ದೊಡ್ಡದಾತು."

"ಆಕಿ ಹೆಸರೂ ಉಳಿಯೂದಿಲ್ರಿ. ಕಾಲಿಂದಲ್ಲ, ಕಂಪ್ಯೂಟರಿಂದ ಗೆದ್ದಾಳ ಅಂತಾರ. ಸಾಯೂತನಕ ಅಂತಾರ."

ಹಜರಾಬಿಯದೇನೂ ತಪ್ಪಿಲ್ಲ ಎಂದು ತನಗೂ ಗೊತ್ತು ಎಂದ ಮಾಳಿಂಗಪ್ಪ. ಗಂಗಾಬಾಯಿ ಕಂಪ್ಯೂಟರ್ ಆರಿಸಿ ಮೇಲೆ ಬಟ್ಟೆ ಹೊದಿಸಿದಳು.

ನರೋಣಾದ ಬಸ್ಸಿನಲ್ಲಿ ಅವನು ಮುಂದೆ ಕುಳಿತ, ಅವಳು ಹಿಂದೆ. ಕಿಟಕಿಯಾಚೆ ತೊಗರಿ ಹೊಲಗಳು ಸರಿಯುತ್ತಿದ್ದವು. ಅವಳಿಗೆ ದುಃಖವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಊರು ಬಂತು, ಇಳಿದಳು. ಮನೆಯಲ್ಲಿ ಒಲೆ ಹೊತ್ತಿತ್ತು. ಕೈಕಾಲು ತೊಳೆದು ಒಲೆಯ ಪಕ್ಕ ಕುಳಿತಳು.

"ಖರೇ ಹೇಳವ್ವಾ, ಹಜರಾಬಿ ನನಗಿಂತ ಜೋರ ಓಡ್ಯಾಳೇನು?" ರೊಟ್ಟಿ ತಟ್ಟುತ್ತಿದ್ದ ಸುಭದ್ರಾ ಕೇಳಿದಳು; ಗಂಗಾಬಾಯಿ ಹೂಂ ಎಂದಳು.